ನಿಮಗಿದು ಗೊತ್ತೇ? ಚದುರಂಗದ ಮಣೆ ಹೆತ್ತ ಇಪ್ಪತ್ತಂಕಿಯ ಸಂಖ್ಯೆ

ಕಥೆ ಎಲ್ಲರಿಗೂ ಗೊತ್ತಿರುವುದೇ. ಚದುರಂಗ ಕಂಡುಹಿಡಿದವನಿಗೆ ರಾಜ ಏನು ಬೇಕಾದರೂ ಕೇಳು ಅಂದ. ಅವನು ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗೂ ದುಪ್ಪಟ್ಟು ಮಾಡುತ್ತ ಕೊಡಿ ಸಾಕು ಅಂದ. ರಾಜ ಮೊದಲು ನಕ್ಕ, ಆಮೇಲೆ ಉಗ್ರಾಣದ ಕಡೆ ನೋಡಿ ಸುಮ್ಮನಾದ. ಕಥೆ ಹೇಳುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಕೊನೆಗೆ ಬಂದ ಲೆಕ್ಕವನ್ನು ಒಡೆದು ನೋಡಿದರೆ ಒಳಗೆ ಇನ್ನೊಂದು ಕಥೆಯಿದೆ. ಅದರಲ್ಲಿ ಎಡವುವವನು ರಾಜನಲ್ಲ, ಗಣಿತದ ಘಟಾನುಘಟಿಯೊಬ್ಬ. ಅವನು ಎಡವುವುದು ಮಣೆಯ ಸರಿಯಾಗಿ ಅರ್ಧದಲ್ಲಿ.

● ಸಂಖ್ಯೆ ಇದು: 1,84,46,74,40,73,70,95,51,615. ಎರಡನ್ನು 64 ಸಲ ಗುಣಿಸಿ ಒಂದು ಕಳೆದರೆ ಸಿಗುವುದು, ಅಂದರೆ 2⁶⁴ − 1. ನಮ್ಮ ಬಾಯಿಲೆಕ್ಕದಲ್ಲಿ ಹೇಳುವುದಾದರೆ ಒಂದೂಮುಕ್ಕಾಲು ಲಕ್ಷ ಕೋಟಿ ಕೋಟಿಗಿಂತ ಚೂರು ಜಾಸ್ತಿ.

● ಹುಟ್ಟಿದ್ದೇ ಎರಡರಿಂದ. ಆದರೂ ಅದರ ಇಪ್ಪತ್ತು ಅಂಕಿಗಳಲ್ಲಿ 2 ಎಂಬ ಅಂಕಿ ಒಂದೇ ಒಂದು ಸಲವೂ ಇಲ್ಲ. ಬಾಕಿ ಒಂಬತ್ತು ಅಂಕಿಗಳೂ ಹಾಜರು. ನಾಲ್ಕು ಮಾತ್ರ ನಾಲ್ಕು ಸಲ. ಇದರಲ್ಲಿ ಗೂಢಾರ್ಥವೇನೂ ಇಲ್ಲ, ಬರೀ ಕಾಕತಾಳೀಯ. ಆದರೂ ಒಮ್ಮೆ ಎಣಿಸಿ ನೋಡದೆ ಮನಸ್ಸು ತಡೆಯುವುದಿಲ್ಲ.

● ಅರ್ಧ ಮಣೆಯವರೆಗೆ ರಾಜ ಬಚಾವು. ಒಂದು ಅಕ್ಕಿಕಾಳು 20 ಮಿಲಿಗ್ರಾಂ ಎಂದು ಹಿಡಿದರೆ ಮೊದಲ 32 ಮನೆಗಳ ಒಟ್ಟು ಅಕ್ಕಿ ಸುಮಾರು 86 ಟನ್, ಐದಾರು ಲಾರಿ ಲೋಡು. ಇಡೀ ಮಣೆಗೆ ಬೇಕಾದದ್ದು ಸುಮಾರು 37,000 ಕೋಟಿ ಟನ್. ಇಂದು ಜಗತ್ತೆಲ್ಲ ಸೇರಿ ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್‌ಗಿಂತ ಸ್ವಲ್ಪ ಹೆಚ್ಚು. ಒಂದಗುಳೂ ಉಣ್ಣದೆ ಕೂಡಿಟ್ಟರೆ ಸಾಲ ತೀರಲು ಏಳುನೂರು ವರ್ಷ.

● ಈ ಸಾಲ ಕೇರಳದ ಅಂಬಲಪುಳ ದೇವಸ್ಥಾನದಲ್ಲಿ ಇನ್ನೂ ತೀರುತ್ತಲೇ ಇದೆಯಂತೆ. ಅಲ್ಲಿನ ಐತಿಹ್ಯದಲ್ಲಿ ಚದುರಂಗ ಗೆದ್ದವನು ವೇಷ ಮರೆಸಿಕೊಂಡು ಬಂದ ಕೃಷ್ಣ. ಕಂತಿನ ಲೆಕ್ಕದಲ್ಲಿ ದಿನವೂ ಹಂಚುವುದು ಪ್ರಸಿದ್ಧವಾದ ಆ ಹಾಲು ಪಾಯಸ. ಸಾಲಗಾರ, ಸಾಲ ಕೊಟ್ಟವನು ಇಬ್ಬರಿಗೂ ಅವಸರವಿದ್ದಂತಿಲ್ಲ.

● ಕಥೆ ಭಾರತದ್ದಾದರೂ ಬರಹದಲ್ಲಿ ಅದನ್ನು ಉಳಿಸಿದವರಲ್ಲಿ ಅರಬ್ಬಿಯಲ್ಲಿ ಬರೆದ ಪಂಡಿತರು ಮುಖ್ಯರು. ಸುಮಾರು 1000ನೇ ಇಸವಿಯಲ್ಲೇ ಅಲ್ ಬಿರೂನಿ ಈ ಸಂಖ್ಯೆಯನ್ನು ಕೊನೆಯ ಅಂಕಿಯವರೆಗೂ ಸರಿಯಾಗಿ ಲೆಕ್ಕಹಾಕಿದ್ದ. ಇಟಲಿಯ ಮಹಾಕವಿ ದಾಂತೆ ಸ್ವರ್ಗದ ದೇವದೂತರು ಎಷ್ಟಿದ್ದಾರೆಂದು ಹೇಳುವಾಗಲೂ ಚದುರಂಗದ ಈ ದುಪ್ಪಟ್ಟನ್ನೇ ನೆನೆದಿದ್ದಾನೆ.

● 64 ಸಲ ಗುಣಿಸಬೇಕಾಗಿಲ್ಲ, ಆರು ಸಲ ಸಾಕು. ಎರಡನ್ನು ವರ್ಗ ಮಾಡಿದರೆ 4, ಅದರ ವರ್ಗ 16, ಆಮೇಲೆ 256, 65,536, 429,49,67,296. ಇನ್ನೊಂದು ವರ್ಗ ಮಾಡಿದರೆ 2⁶⁴ ಬಂದೇಬಿಟ್ಟಿತು. ಈ ಕೀಲಿಕೈ ಪಿಂಗಳನ ಛಂದಸ್ಸೂತ್ರದಲ್ಲೇ ಇದೆ: ಸಮಸಂಖ್ಯೆಯಾದರೆ ಅರ್ಧ ಮಾಡಿ ವರ್ಗಿಸು, ಬೆಸವಾದರೆ ಒಂದು ಕಳೆದು ಗುಣಿಸು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಗುಣೋತ್ತರ ಶ್ರೇಢಿಯ ಮೊತ್ತಕ್ಕೆ ಇದೇ ಉಪಾಯ ಬಳಸಿದ. ಇವತ್ತು ಬ್ಯಾಂಕಿನ ವಹಿವಾಟನ್ನು ಗುಪ್ತಲಿಪಿಗೆ ತಿರುಗಿಸುವ ಕಂಪ್ಯೂಟರ್‌ಗಳು ದೈತ್ಯ ಘಾತಗಳನ್ನು ಲೆಕ್ಕಹಾಕುವುದೂ ಈ ದಾರಿಯಲ್ಲೇ.

● ಇಷ್ಟು ದೊಡ್ಡ ಸಂಖ್ಯೆಯನ್ನು ಹೆಸರಿಟ್ಟು ಕರೆಯಲು ಆಗುತ್ತದೆಯೇ? ಮಹಾವೀರಾಚಾರ್ಯನಿಗೆ ಆಗುತ್ತಿತ್ತು. ಅವನ ಪಟ್ಟಿಯಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿದೆ. ಇಪ್ಪತ್ತನೆಯದು ಮಹಾಶಂಖ. ಹಾಗಾಗಿ ನಮ್ಮ ಸಂಖ್ಯೆ ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ, ಆರು ಮಹಾಪದ್ಮ, ಏಳು ಪದ್ಮ ಎಂದು ಶುರುವಾಗುತ್ತದೆ. ‘ಕೋಟಿ ಕೋಟಿ’ ಎಂದು ತೊದಲುವುದಕ್ಕಿಂತ ಇದು ಎಷ್ಟೋ ಮೇಲು.

● ಈಗ ಸಂಖ್ಯೆಯನ್ನು ಒಡೆಯೋಣ. ಒಂದರ ಪಕ್ಕ ಒಂದರಂತೆ ಆರು ಒಂದುಗಳನ್ನು ಬರೆಯಿರಿ: 111111. ಇದು 111 × 1001 ಎಂದು ನೋಡಿದ ಕೂಡಲೇ ಹೊಳೆಯುತ್ತದೆ, ಮೂರು ಒಂದುಗಳ ತುಂಡು ಎರಡು ಸಲ ಬಂದಿದೆ ಅಷ್ಟೇ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರೆ ನಮ್ಮ ಸಂಖ್ಯೆ 64 ಒಂದುಗಳ ಸಾಲು. ಅದನ್ನು ಮಧ್ಯಕ್ಕೆ ಮುರಿಯಿರಿ: 32 ಒಂದುಗಳ ತುಂಡು ಎರಡು ಸಲ. ಆ 32ನ್ನು ಮತ್ತೆ ಮುರಿದರೆ 16, ಮತ್ತೆ 8, 4, 2, 1. ಒಂದೊಂದು ಮುರಿತಕ್ಕೂ ಒಂದೊಂದು ಅಪವರ್ತನ ಉದುರುತ್ತದೆ. ಉದುರಿದ್ದು ಇಷ್ಟು:

3 × 5 × 17 × 257 × 65,537 × 429,49,67,297.

ಮೊದಲ ಐದೂ ಅವಿಭಾಜ್ಯ ಸಂಖ್ಯೆಗಳು. ಆ ಐದರ ಗುಣಲಬ್ಧ 429,49,67,295, ಅಂದರೆ ಮೊದಲ ಅರ್ಧ ಮಣೆಯ ಅಷ್ಟೂ ಕಾಳು. ಹಾಗಾದರೆ ಕೊನೆಯದು? ಇಡೀ ಮಣೆಯ ಕಾಳು ಅರ್ಧ ಮಣೆಯ ಕಾಳಿನ ಎಷ್ಟು ಪಟ್ಟೋ ಅದೇ ಕೊನೆಯ ಸಂಖ್ಯೆ. ಅದು ಅವಿಭಾಜ್ಯವೇ ಎಂಬುದೇ ಪ್ರಶ್ನೆ.

● ಹೌದು, ಅವಿಭಾಜ್ಯವೇ ಎಂದು ನಂಬಿದವನು ಫ್ರಾನ್ಸಿನ ಪಿಯೆರ್ ಫರ್ಮಾ. ವೃತ್ತಿಯಲ್ಲಿ ಕಾನೂನಿನವನು, ಹವ್ಯಾಸದಲ್ಲಿ ಗಣಿತದ ದೈತ್ಯ. 1640ರ ಸುಮಾರಿಗೆ ಗೆಳೆಯರಿಗೆ ಬರೆದ ಕಾಗದಗಳಲ್ಲಿ, 3, 5, 17, 257, 65,537 ಹೀಗೆ ಸಾಗುವ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯ ಎಂದ. ಸಾಧನೆ ಕೊಡಲಿಲ್ಲ. ಐದು ಸಲ ಅವನ ಮಾತು ನಿಜ. ಆರನೆಯದು ಹತ್ತಂಕಿಯ ಸಂಖ್ಯೆ, ಕೈಲೆಕ್ಕದಲ್ಲಿ ಪರೀಕ್ಷಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಸುಮಾರು ತೊಂಬತ್ತು ವರ್ಷ ಆ ಮಾತು ಪ್ರಶ್ನೆಯಿಲ್ಲದೆ ನಡೆಯಿತು.

● 1729ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಕ್ ಎಂಬಾತ ತರುಣ ಗಣಿತಜ್ಞ ಆಯ್ಲರ್‌ಗೆ ಬರೆದ ಕಾಗದದಲ್ಲಿ ಫರ್ಮಾನ ಈ ಮಾತು ಗೊತ್ತೇ ಎಂದು ಸುಮ್ಮನೆ ಕೆಣಕಿದ. ಮೊದಲು ಆಯ್ಲರ್ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. 1732ರಲ್ಲಿ ಉತ್ತರ ಕೊಟ್ಟ: 429,49,67,297 = 641 × 67,00,417. ಮಣೆಯ ಮೊದಲ ಅರ್ಧದಲ್ಲಿ ಸರಿಯಾಗಿದ್ದ ಫರ್ಮಾ ಎರಡನೇ ಅರ್ಧಕ್ಕೆ ಕಾಲಿಟ್ಟ ಕೂಡಲೇ ಸೋತಿದ್ದ.

● ಆಯ್ಲರ್ 3, 7, 11, 13 ಎಂದು ಒಂದೊಂದಾಗಿ ಭಾಗಿಸುತ್ತ ಕೂರಲಿಲ್ಲ. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನವೇನಾದರೂ ಇದ್ದರೆ ಅದನ್ನು 64ರಿಂದ ಭಾಗಿಸಿದಾಗ ಶೇಷ ಒಂದೇ ಬರಬೇಕು ಎಂಬುದನ್ನು ಅವನು ಕಂಡುಕೊಂಡಿದ್ದ. ಆಮೇಲೆ ಉಳಿದದ್ದು 193, 257, 449, 577, 641 ಅಷ್ಟೇ. ಐದನೇ ಏಟಿಗೇ ಕಾಯಿ ಬಿತ್ತು. ಮುಂದೆ 1878ರಲ್ಲಿ ಗಣಿತಜ್ಞ ಲ್ಯೂಕಾಸ್ ಈ ಜರಡಿಯನ್ನು ಇನ್ನೂ ಸಣ್ಣದು ಮಾಡಿದ: 64 ಅಲ್ಲ, 128ರಿಂದ ಭಾಗಿಸಿದಾಗಲೂ ಶೇಷ ಒಂದೇ. ಆ ಜರಡಿಯಲ್ಲಿ 257 ಬಿಟ್ಟರೆ ಮುಂದಿನದೇ 641.

● ಕಾಗದ ಪೆನ್ನು ಇಲ್ಲದೆಯೂ ನೀವೇ ಇದನ್ನು ಸಾಧಿಸಬಹುದು. 641ಕ್ಕೆ ಎರಡು ಮುಖವಿದೆ. ಒಂದು, 641 = 5 × 128 + 1. ಇನ್ನೊಂದು, 641 = 625 + 16. ಮೊದಲನೆಯದರ ಪ್ರಕಾರ, 641ರಿಂದ ಭಾಗಿಸುವಾಗ 5 × 128 ಮತ್ತು −1 ಒಂದೇ. ಎರಡೂ ಕಡೆ ನಾಲ್ಕನೇ ಘಾತಕ್ಕೆ ಏರಿಸಿ: 625 × 2²⁸ ಮತ್ತು 1 ಒಂದೇ. ಎರಡನೇ ಮುಖದ ಪ್ರಕಾರ 625ರ ಜಾಗದಲ್ಲಿ −16 ಇಡಬಹುದು. 16 ಎಂದರೆ 2⁴, ಆದ್ದರಿಂದ −2³² ಮತ್ತು 1 ಒಂದೇ. ಅಂದರೆ 2³² + 1 ಶೇಷವಿಲ್ಲದೆ ಭಾಗವಾಗುತ್ತದೆ. ಒಂದು ಸಲವೂ ದೊಡ್ಡ ಭಾಗಾಕಾರ ಮಾಡಲಿಲ್ಲ ನೋಡಿ. ಶಾಲೆಯಲ್ಲಿ ಇದನ್ನು ಕಲಿಸದೆ ಹದಿನಾರು ಅಂಕಿಯ ಗುಣಾಕಾರ ಮಾಡಿಸುವುದು ಮಕ್ಕಳಿಗೆ ಬಗೆಯುವ ಅನ್ಯಾಯ ಎಂಬುದು ಈ ಅಂಕಣಕಾರನ ಅಭಿಪ್ರಾಯ.

● ಆಯ್ಲರನ ಕೈಯಲ್ಲಿ ಇನ್ನೊಂದು ಅಸ್ತ್ರವೂ ಇತ್ತು. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯುವ ದಾರಿ ಒಂದೇ ಒಂದು. ಎರಡನೇ ದಾರಿ ಸಿಕ್ಕಿತೋ, ಆ ಸಂಖ್ಯೆ ಒಡೆಯುತ್ತದೆಂದೇ ಅರ್ಥ. ನಮ್ಮ 429,49,67,297 ಎಂದರೆ 65,536ರ ವರ್ಗ ಕೂಡಿಸು 1ರ ವರ್ಗ. ಇದು ಕಣ್ಣಿಗೇ ಕಾಣುತ್ತದೆ. ಆದರೆ 62,264ರ ವರ್ಗಕ್ಕೆ 20,449ರ ವರ್ಗ ಕೂಡಿಸಿದರೂ ಅದೇ ಉತ್ತರ! ಈ ಎರಡನೇ ಜೋಡಿ ಬಂದದ್ದು ಎಲ್ಲಿಂದ? 641 = 25² + 4². 67,00,417 = 2556² + 409². ಇಂಥ ಎರಡು ಮೊತ್ತಗಳನ್ನು ಗುಣಿಸಿದರೆ ಮತ್ತೆ ಎರಡು ವರ್ಗಗಳ ಮೊತ್ತವೇ, ಅದೂ ಎರಡು ಬಗೆಯಲ್ಲಿ ಸಿಗುತ್ತದೆ. 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತ ಬರೆದ ಬ್ರಹ್ಮಗುಪ್ತನ ಸೂತ್ರದ ಫಲ ಇದು. ಲೆಕ್ಕ ಮಾಡಿ: 25 × 2556 + 4 × 409 = 65,536. 25 × 409 − 4 × 2556 = 10,225 − 10,224 = 1. ಕೂಡುವ ಕಡೆ ಕಳೆದು, ಕಳೆಯುವ ಕಡೆ ಕೂಡಿಸಿ, 62,264 ಮತ್ತು 20,449 ಬರುತ್ತವೆ.

● ಇಡೀ ಸಂಖ್ಯೆಗೆ, ಅಂದರೆ 2⁶⁴ − 1ಕ್ಕೆ, ಆ ಭಾಗ್ಯವಿಲ್ಲ. ಅದನ್ನು ಎರಡು ಪೂರ್ಣವರ್ಗಗಳ ಮೊತ್ತವಾಗಿ ಯಾವ ರೀತಿಯಲ್ಲೂ ಬರೆಯಲಾಗದು. ಅಡ್ಡಗಾಲು ಹಾಕಿದ್ದು ಅದರೊಳಗಿನ ಒಂಟಿ 3.

● ಒಟ್ಟು ಏಳು ಅವಿಭಾಜ್ಯ ಅಪವರ್ತನ, ಪ್ರತಿಯೊಂದೂ ಒಂದೊಂದೇ ಸಲ. ಹಾಗಾಗಿ ಈ ಸಂಖ್ಯೆಯ ಭಾಜಕಗಳು 2⁷, ಅಂದರೆ 128. ಭಾಜಕಗಳು ಯಾವಾಗಲೂ ಜೋಡಿ ಜೋಡಿ, ಜೋಡಿಗಳೆಷ್ಟು? 64! ಅಷ್ಟೂ ಕಾಳುಗಳನ್ನು ಅಂಗಳದಲ್ಲಿ ಅಡ್ಡಸಾಲು ಉದ್ದಸಾಲಾಗಿ, ಒಂದೂ ಮಿಗದಂತೆ, ಆಯತಾಕಾರದಲ್ಲಿ ಜೋಡಿಸುವ ಬಗೆಗಳು ಮಣೆಯ ಮನೆಗಳಷ್ಟೇ ಇವೆ. ಅವುಗಳಲ್ಲಿ ಚೌಕಕ್ಕೆ ತೀರ ಹತ್ತಿರದ ಆಯತದ ಒಂದು ಬದಿ 429,49,67,295, ಇನ್ನೊಂದು ಬದಿ ಅದಕ್ಕಿಂತ ಎರಡೇ ಎರಡು ಕಾಳು ಹೆಚ್ಚು.

● ಅರ್ಧ ಮಣೆಯ ಮೊತ್ತಕ್ಕೂ ಒಂದು ಸೊಗಸಿದೆ. ಒಂದರಿಂದ 429,49,67,295ರವರೆಗಿನ ಸಂಖ್ಯೆಗಳಲ್ಲಿ ಅದರೊಡನೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದವು ಎಷ್ಟು? 2 × 4 × 16 × 256 × 65,536, ಅಂದರೆ 214,74,83,648. ಮಣೆಯ 32ನೇ ಮನೆಯ ಮೇಲೆ ಕೂತ ಕಾಳುಗಳೂ ಸರಿಯಾಗಿ ಅಷ್ಟೇ.

● ಫರ್ಮಾ ಸೋತರೂ ಅವನ ಐದು ಸಂಖ್ಯೆಗಳಿಗೆ ಅಮರತ್ವ ಸಿಕ್ಕಿದ್ದು ರೇಖಾಗಣಿತದಲ್ಲಿ. 1796ರ ಮಾರ್ಚ್‌ನಲ್ಲಿ, ಹತ್ತೊಂಬತ್ತು ಇನ್ನೂ ತುಂಬದ ಗೌಸ್, ಬರೀ ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿಯಿಂದ 17 ಸಮಬಾಹುಗಳ ಆಕೃತಿ ರಚಿಸಬಹುದೆಂದು ಕಂಡುಕೊಂಡ. ಯೂಕ್ಲಿಡ್ ಕಾಲದಿಂದ ಆ ಕಡೆ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ಭಾಷಾಶಾಸ್ತ್ರವೋ ಗಣಿತವೋ ಎಂದು ತೂಗುಯ್ಯಾಲೆಯಲ್ಲಿದ್ದ ಹುಡುಗ ಆವತ್ತೇ ಗಣಿತವೆಂದು ನಿಶ್ಚಯಿಸಿದ. ಅವನ ಹುಟ್ಟೂರು ಬ್ರೌನ್‌ಶ್ವೈಗ್‌ನ ಪ್ರತಿಮೆಯ ಪೀಠದಲ್ಲಿ 17 ಮೂಲೆಯ ನಕ್ಷತ್ರವಿದೆ.

● ಹೀಗೆ ರಚಿಸಬಲ್ಲ ಬೆಸಸಂಖ್ಯೆಯ ಬಾಹುಗಳ ಆಕೃತಿಗಳಲ್ಲಿ ಈವರೆಗೆ ಗೊತ್ತಿರುವುದು 31. ಎಲ್ಲಕ್ಕಿಂತ ದೊಡ್ಡದರ ಬಾಹುಗಳು 429,49,67,295. ಮತ್ತೆ ಅದೇ ಅರ್ಧ ಮಣೆ! ಅದನ್ನು ಬರೆಯಲು ಯಾರೂ ಕೂತಿಲ್ಲ. ಆದರೆ 65,537 ಬಾಹುಗಳದ್ದಕ್ಕೆ ಜರ್ಮನಿಯ ಯೋಹಾನ್ ಹರ್ಮೆಸ್ ಹತ್ತು ವರ್ಷ ತೆತ್ತು, 200ಕ್ಕೂ ಹೆಚ್ಚು ಪುಟಗಳ ಹಸ್ತಪ್ರತಿ ಮಾಡಿ 1894ರಲ್ಲಿ ಗಾಟಿಂಗನ್‌ಗೆ ಒಪ್ಪಿಸಿದ. ಕಣ್ಣಿಗೆ ಅದು ವೃತ್ತವೇ. ಹರ್ಮೆಸ್‌ನ ಮನೆಯವರು ಏನಂದರೋ!

● ಪಿಂಗಳನ ಛಂದಸ್ಸಿಗೆ ವ್ಯಾಖ್ಯಾನ ಬರೆದ ಹತ್ತನೇ ಶತಮಾನದ ಹಲಾಯುಧ ಮೇರು ಪ್ರಸ್ತಾರವನ್ನು ವಿವರಿಸಿದ್ದಾನೆ. ಮೇಲಿನ ಎರಡನ್ನು ಕೂಡಿ ಕೆಳಗಿನದನ್ನು ಬರೆಯುತ್ತ ಹೋಗುವ, ಶಾಲೆಯ ಪುಸ್ತಕಗಳು ಪ್ಯಾಸ್ಕಲ್ ತ್ರಿಭುಜ ಎನ್ನುವ ಅದೇ ಗೋಪುರ. ಅದರಲ್ಲಿ ಬೆಸಸಂಖ್ಯೆ ಇದ್ದಲ್ಲಿ 1, ಸಮಸಂಖ್ಯೆ ಇದ್ದಲ್ಲಿ 0 ಬರೆದು, ಸಾಲುಗಳನ್ನು ದ್ವಿಮಾನ ಸಂಖ್ಯೆಗಳಂತೆ ಓದಿ: 1, 3, 5, 15, 17, 51, 85, 255, 257… ಮೊದಲ ಸಾಲು ಬಿಟ್ಟು ಮುಂದಿನ 31 ಸಾಲುಗಳೇ ಮೇಲೆ ಹೇಳಿದ 31 ಆಕೃತಿಗಳು. 33ನೇ ಸಾಲು ಫರ್ಮಾನನ್ನು ಬೀಳಿಸಿದ 429,49,67,297. 64ನೇ ಸಾಲು? ಎಲ್ಲವೂ ಬೆಸ, 64 ಒಂದುಗಳು: ನಮ್ಮ ಸಂಖ್ಯೆಯೇ.

● 1883ರಲ್ಲಿ ಪ್ಯಾರಿಸಿನ ಅಂಗಡಿಗಳಲ್ಲಿ ಒಂದು ಆಟಿಕೆ ಬಂತು: ಮೂರು ಕಂಬ, ಎಂಟು ಬಿಲ್ಲೆ, ಹನೋಯ್ ಗೋಪುರ. ಮಾಡಿದವನ ಹೆಸರು ಸಿಯಾಮ್ ದೇಶದ ಎನ್. ಕ್ಲೌಸ್ ಎಂದಿತ್ತು. ಅಕ್ಷರ ಅದಲುಬದಲು ಮಾಡಿದರೆ ಅಮಿಯೆನ್ಸ್ ಊರಿನ ಲ್ಯೂಕಾಸ್, ಮೇಲೆ ಜರಡಿ ಹಿಡಿದಿದ್ದ ಅದೇ ಆಸಾಮಿ. ಆಟಿಕೆಯ ಜೊತೆಗೆ ಕಥೆಯೂ ಇತ್ತು: ಕಾಶಿಯ ಗುಡಿಯಲ್ಲಿ 64 ಚಿನ್ನದ ಬಿಲ್ಲೆಗಳಿವೆ, ಅರ್ಚಕರು ಚಿಕ್ಕದರ ಮೇಲೆ ದೊಡ್ಡದು ಕೂರದಂತೆ ಅವನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಹಗಲಿರುಳೂ ಒಂದೊಂದಾಗಿ ಸರಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ. ಬೇಕಾದ ಚಲನೆಗಳು ಕನಿಷ್ಠ 2⁶⁴ − 1. ಸೆಕೆಂಡಿಗೆ ಒಂದರಂತೆ ಸರಿಸಿದರೂ 58,000 ಕೋಟಿ ವರ್ಷ ದಾಟುತ್ತದೆ. ವಿಶ್ವಕ್ಕೆ ಈಗ ಸುಮಾರು 1,380 ಕೋಟಿ ವರ್ಷ. ಕಾಶಿಗೆ ಹೋದವರು ಆ ಗುಡಿಯನ್ನು ಹುಡುಕಬೇಕಾಗಿಲ್ಲ, ಅದು ಲ್ಯೂಕಾಸನ ತಲೆಯಲ್ಲಿತ್ತು.

● ನಿಮ್ಮ ಜೇಬಿನ ಮೊಬೈಲ್‌ಗೂ ಇದೇ ಸಂಖ್ಯೆ ಗಡಿ. 64 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಪೂರ್ಣಾಂಕ ಇದು. ಇದಕ್ಕೆ ಒಂದು ಕೂಡಿಸಿದರೆ ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರಿನಂತೆ ಎಲ್ಲವೂ ತಿರುಗಿ ಸೊನ್ನೆ.

● ಅರ್ಧ ಮಣೆಯ ಯುಗ ಮುಗಿದದ್ದು ನಮ್ಮ ಕಣ್ಣೆದುರೇ. ಹಳೆಯ ಇಂಟರ್ನೆಟ್ ವಿಳಾಸಗಳು 2³², ಸುಮಾರು 429 ಕೋಟಿ; ಹಂಚುವ ಕೇಂದ್ರ ಸಂಸ್ಥೆಯ ಬಳಿಯಿದ್ದ ಕೊನೆಯ ಕಂತು 2011ರ ಫೆಬ್ರವರಿಯಲ್ಲಿ ಖಾಲಿ. ಹೊಸ ಪದ್ಧತಿಯಲ್ಲಿ ಒಂದು ಮಾಮೂಲಿ ಉಪಜಾಲಕ್ಕೇ 2⁶⁴ ವಿಳಾಸ. 2014ರ ಡಿಸೆಂಬರಿನಲ್ಲಿ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆಗಳ ಎಣಿಕೆ 214,74,83,647 ದಾಟಿದಾಗ ಯೂಟ್ಯೂಬ್ ಲೆಕ್ಕವನ್ನು 64 ಬಿಟ್‌ಗೆ ಏರಿಸಬೇಕಾಗಿತ್ತು. ಆ ಗಡಿ, 2³¹ − 1, ಅವಿಭಾಜ್ಯ ಎಂದು 1772ರಲ್ಲಿ ಸಾಧಿಸಿದವನು ಮತ್ತೆ ಆಯ್ಲರ್. ಹಳೆಯ ಗಡಿಯಾರ ಲೆಕ್ಕವಿರುವ ಕಂಪ್ಯೂಟರ್‌ಗಳಿಗೆ ಇದೇ ಗಡಿ ಎದುರಾಗುವುದು 2038ರ ಜನವರಿ 19ರಂದು, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್‌ಗೆ.

● ಎಕ್ಸೆಲ್‌ನಲ್ಲಿ 2ರ 64ನೇ ಘಾತವನ್ನು ಪೂರ್ತಿ ಅಂಕಿಗಳಲ್ಲಿ ಕೇಳಿ ನೋಡಿ. 18446744073709600000 ಎನ್ನುತ್ತದೆ. ಹದಿನೈದು ಅಂಕಿಯಾದ ಮೇಲೆ ಸೊನ್ನೆ ತುಂಬುವುದು ಅದರ ಜಾಯಮಾನ. ಒಂದು ಕಳೆದರೂ ಉತ್ತರ ಬದಲಾಗದು. ಸಾವಿರ ವರ್ಷದ ಹಿಂದಿನ ಅಲ್ ಬಿರೂನಿಯ ಲೆಕ್ಕವೇ ವಾಸಿ.

● ಬೆಂಗಳೂರಿನ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಕೊಟ್ಟರು. ಆ ಉತ್ತರ ಚದುರಂಗದ ಕಾಳುಗಳ ಸುಮಾರು ಹತ್ತು ಲಕ್ಷ ಪಟ್ಟು.

● ರೂಬಿಕ್ ಕ್ಯೂಬ್ ಹಿಡಿದ ಮಗುವಿನ ಕೈಯಲ್ಲಿರುವ ಸಂಖ್ಯೆಯೂ ಇದಕ್ಕಿಂತ ದೊಡ್ಡದು. ಅದರ ವಿನ್ಯಾಸಗಳು ನಮ್ಮ ಸಂಖ್ಯೆಯ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಆದರೆ ಒಡೆದರೆ ಬರೀ 2, 3, 5, 7, 11. ಅಲ್ಲಿ 641ರಂಥ ಅನಿರೀಕ್ಷಿತ ಅತಿಥಿ ಯಾರೂ ಇಲ್ಲ.

● ನಮ್ಮ ಸಂಖ್ಯೆಗೆ ಎರಡು ಕೂಡಿಸಿದರೆ ಫರ್ಮಾ ಸಾಲಿನ ಮುಂದಿನದು, 2⁶⁴ + 1. ಅದೂ ಒಡೆಯುತ್ತದೆ: 2,74,177 × 6,72,80,42,13,10,721. 1880ರಲ್ಲಿ ಇದನ್ನು ಪ್ರಕಟಿಸಿದ ಫ್ರಾನ್ಸಿನ ಲಾಂಡ್ರಿಗೆ ಆಗ 82 ವರ್ಷ. ಅದಕ್ಕೂ ಮುಂಚೆ, 1855ರಲ್ಲಿ, ಕ್ಲೌಸೆನ್ ಎಂಬ ಖಗೋಳಜ್ಞ ಗೌಸ್‌ಗೆ ಬರೆದ ಕಾಗದದಲ್ಲಿ ಇದೇ ಉತ್ತರವಿತ್ತು.

● ಅಲ್ಲಿಂದಾಚೆಗೆ ಫರ್ಮಾ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಸಂಖ್ಯೆ ಸಿಕ್ಕಿಲ್ಲ. 3ನ್ನು 0ನೆಯದು ಎಂದು ಎಣಿಸುವ ರೂಢಿಯಂತೆ 5ನೆಯದರಿಂದ 32ನೆಯದರವರೆಗೆ ಎಲ್ಲವೂ ಒಡೆಯುತ್ತವೆಂದು ಸಾಬೀತಾಗಿದೆ. 33ನೆಯದು ಇನ್ನೂ ಇತ್ಯರ್ಥವಾಗಿಲ್ಲ; ಅದನ್ನು ಬರೆಯಲು 258 ಕೋಟಿ ಅಂಕಿ ಬೇಕು. 20ನೆಯದು ಮತ್ತು 24ನೆಯದರ ಸ್ಥಿತಿ ಇನ್ನೂ ವಿಚಿತ್ರ. ಎರಡೂ ಅವಿಭಾಜ್ಯವಲ್ಲ ಎಂದು ಕಂಪ್ಯೂಟರ್ ಲೆಕ್ಕ ಖಚಿತಪಡಿಸಿ ದಶಕಗಳಾದವು. ಯಾವುದರಿಂದ ಭಾಗವಾಗುತ್ತವೆ ಎಂದು ಹೇಳಲು ಈವರೆಗೆ ಒಂದು ಅಪವರ್ತನವೂ ಕೈಗೆ ಸಿಕ್ಕಿಲ್ಲ.